ತೂಕದಲ್ಲಿ ಅಡಗಿದ ನ್ಯಾಯ: ಹವ್ಯಾಸಿ ಕಾರು ಪಂದ್ಯಗಳ ವರ್ಗೀಕರಣದ ಕಥೆ



ಕುಸ್ತಿಯ ಕಣದಲ್ಲಿ 50 ಕಿಲೋ ತೂಕದ ಹುಡುಗನನ್ನು 90 ಕಿಲೋ ತೂಕದ ಪೈಲ್ವಾನನ ಎದುರು ಯಾರೂ ನಿಲ್ಲಿಸುವುದಿಲ್ಲ. ಕರಾವಳಿಯ ಕಂಬಳದಲ್ಲಿ ನೇಗಿಲು, ಹಗ್ಗ, ಅಡ್ಡ ಹಲಗೆ, ಕನೆ ಹಲಗೆ ಎಂಬ ವಿಭಾಗಗಳಿವೆ. ನೇಗಿಲು ಮತ್ತು ಹಗ್ಗದಲ್ಲಿ ಹಿರಿಯ, ಕಿರಿಯ ಎಂಬ ಭೇದವೂ ಉಂಟು. ಎಳೆಯ ಕೋಣಗಳನ್ನು ಪಳಗಿದ ಕೋಣಗಳೊಂದಿಗೆ ಓಡಿಸಿದರೆ ಅದನ್ನು ಸ್ಪರ್ಧೆ ಎನ್ನಲಾಗದು ಎಂಬುದು ಕಂಬಳದ ಗದ್ದೆಯ ಅಂಚಿನಲ್ಲಿ ನಿಂತ ಪ್ರತಿಯೊಬ್ಬರಿಗೂ ಗೊತ್ತು. ಸರಿಸಮಾನರ ನಡುವೆ ನಡೆದಾಗ ಮಾತ್ರ ಗೆಲುವಿಗೆ ಬೆಲೆ.

ಮನುಷ್ಯರನ್ನು ತಕ್ಕಡಿಯಲ್ಲಿ ನಿಲ್ಲಿಸಿ ತೂಗಬಹುದು. ಆದರೆ ಬೇರೆ ಬೇರೆ ಕಾರ್ಖಾನೆಗಳಲ್ಲಿ, ಬೇರೆ ಬೇರೆ ವರ್ಷಗಳಲ್ಲಿ, ಬೇರೆ ಬೇರೆ ಉದ್ದೇಶಗಳಿಗಾಗಿ ತಯಾರಾದ ಕಾರುಗಳನ್ನು ಒಂದೇ ಪಂದ್ಯದಲ್ಲಿ ಓಡಿಸಬೇಕಾದರೆ ಅವನ್ನು ಯಾವ ತಕ್ಕಡಿಯಲ್ಲಿ ತೂಗುವುದು? ಒಂದರ ಎಂಜಿನ್ ದೊಡ್ಡದು, ಇನ್ನೊಂದರ ಮೈ ಹಗುರ. ಒಂದು ಮುಂದಿನ ಚಕ್ರಗಳಿಂದ ಓಡುತ್ತದೆ, ಇನ್ನೊಂದು ಹಿಂದಿನ ಚಕ್ರಗಳಿಂದ. ಇವುಗಳಲ್ಲಿ ಯಾವುದು ಯಾವುದಕ್ಕೆ ಸಮ? ನೂರು ವರ್ಷಗಳಿಗೂ ಹಿಂದಿನಿಂದ ಕಾರು ಪಂದ್ಯಗಳ ಸಂಘಟಕರನ್ನು ಕಾಡಿದ ಪ್ರಶ್ನೆ ಇದು. ವೃತ್ತಿಪರ ಓಟಗಾರರಿಗಿಂತ ಹೆಚ್ಚಾಗಿ ಇದು ಕಾಡಿದ್ದು ಹವ್ಯಾಸಿಗಳನ್ನು. ಅಂಗಡಿಯಲ್ಲಿ ಕೊಂಡ ಸಾಮಾನ್ಯ ಕಾರನ್ನು ತಮ್ಮ ಮನೆಯ ಷೆಡ್ಡಿನಲ್ಲೇ ಸಿದ್ಧಪಡಿಸಿ, ರಜಾದಿನಗಳಲ್ಲಿ ಪಂದ್ಯಕ್ಕೆ ತರುವ ಜನರ ಕಥೆ ಇದು. ಗಣಿತ, ಭೌತಶಾಸ್ತ್ರ, ನ್ಯಾಯ ಈ ಮೂರೂ ಒಂದೆಡೆ ಸೇರುವ ಕಥೆಯೂ ಹೌದು.

ಗರಿಷ್ಠ ತೂಕವೆಂಬ ಮೊದಲ ಪ್ರಯೋಗ

ಕಾರು ಪಂದ್ಯಗಳ ಆರಂಭದ ದಿನಗಳಲ್ಲಿ ಸಂಘಟಕರಿಗೆ ಮೊದಲು ಹೊಳೆದದ್ದು ತೂಕದ ಅಳತೆಯೇ. ಎಂಜಿನ್ನಿನ ಶಕ್ತಿಯನ್ನು ಅಳೆಯುವುದು ಆಗ ಸುಲಭವಾಗಿರಲಿಲ್ಲ; ಕಾರನ್ನು ತೂಗುವುದು ಸುಲಭವಾಗಿತ್ತು. 1902ರಲ್ಲಿ ಪ್ಯಾರಿಸ್‌ನಿಂದ ವಿಯೆನ್ನಾದವರೆಗೆ ನಡೆದ ಪಂದ್ಯದಲ್ಲಿ ದೊಡ್ಡ ಕಾರುಗಳಿಗೆ 1000 ಕಿಲೋಗ್ರಾಂ ಗರಿಷ್ಠ ಮಿತಿ. 650 ಕಿಲೋಗಿಂತ ಕಡಿಮೆ ತೂಗುವ ಹಗುರ ಕಾರುಗಳಿಗೆ ಬೇರೆಯೇ ವರ್ಗ. ಭಾರದ ಕಾರು ವೇಗದ್ದು, ಹಗುರ ಕಾರು ನಿಧಾನದ್ದು ಎಂಬ ಊಹೆ ಇದರ ಹಿಂದಿತ್ತು. ಆದರೆ ಆಲ್ಪ್ಸ್ ಪರ್ವತದ ಕಣಿವೆಗಳನ್ನು ದಾಟಿ ವಿಯೆನ್ನಾ ತಲುಪಿದಾಗ ಎಲ್ಲ ವರ್ಗಗಳನ್ನೂ ಮೀರಿ ಗೆದ್ದದ್ದು ಮಾರ್ಸೆಲ್ ರೆನೋ ಓಡಿಸಿದ ಹಗುರ ರೆನೋ ಕಾರು. ಹತ್ತುವುದರಲ್ಲಿ, ತಿರುಗುವುದರಲ್ಲಿ, ನಿಲ್ಲುವುದರಲ್ಲಿ ಹಗುರವಾಗಿರುವುದೇ ಒಂದು ಶಕ್ತಿ ಎಂಬುದು ಅಂದೇ ಸಾಬೀತಾಯಿತು.

ಭಾರಿ ಕಾರುಗಳನ್ನು ತಯಾರಿಸುವವರು ಸುಮ್ಮನಿರಲಿಲ್ಲ. 1000 ಕಿಲೋ ಮಿತಿಯೊಳಗೇ ಎಷ್ಟು ದೊಡ್ಡ ಎಂಜಿನ್ ತುಂಬಬಹುದೋ ಅಷ್ಟು ತುಂಬಿದರು. ತೂಕ ಇಳಿಸಲು ಚೌಕಟ್ಟಿಗೆ ರಂಧ್ರ ಕೊರೆದರು, ಮೈಯನ್ನು ಕಿತ್ತೊಗೆದರು. ಮರುವರ್ಷ, 1903ರಲ್ಲಿ, ಪ್ಯಾರಿಸ್-ಮ್ಯಾಡ್ರಿಡ್ ಪಂದ್ಯ ಆರಂಭವಾಯಿತು. ತೆರೆದ ರಸ್ತೆ, ನಿಯಂತ್ರಣವಿಲ್ಲದ ಜನಸಂದಣಿ, ದುರ್ಬಲ ಬ್ರೇಕುಗಳು, ಅತಿವೇಗದ ಎಂಜಿನ್‌ಗಳು. ಚಾಲಕರೂ ಪ್ರೇಕ್ಷಕರೂ ಸತ್ತರು. ಸತ್ತವರಲ್ಲಿ ಮಾರ್ಸೆಲ್ ರೆನೋ ಕೂಡ ಒಬ್ಬರು. ಪಂದ್ಯವನ್ನು ಬೋರ್ಡೊ ನಗರದಲ್ಲೇ ನಿಲ್ಲಿಸಬೇಕಾಯಿತು.

ಇದೇ ಪಾಠ ಮೂವತ್ತು ವರ್ಷಗಳ ನಂತರ ಮತ್ತೊಮ್ಮೆ ಮರುಕಳಿಸಿತು. 1934ರಿಂದ ಗ್ರ್ಯಾಂಡ್ ಪ್ರಿ ಕಾರುಗಳು 750 ಕಿಲೋಗ್ರಾಂ ಮೀರಬಾರದು ಎಂಬ ನಿಯಮ ಬಂತು. ಕಾರು ಹಗುರವಾದರೆ ಎಂಜಿನ್ ಚಿಕ್ಕದಾಗುತ್ತದೆ, ಎಂಜಿನ್ ಚಿಕ್ಕದಾದರೆ ವೇಗ ತಗ್ಗುತ್ತದೆ ಎಂಬುದು ನಿಯಮ ಮಾಡಿದವರ ಲೆಕ್ಕಾಚಾರ. ಆದರೆ ಜರ್ಮನಿಯ ಮರ್ಸಿಡಿಸ್ ಮತ್ತು ಆಟೋ ಯೂನಿಯನ್ ಕಂಪನಿಗಳ ಎಂಜಿನಿಯರುಗಳು ಹಗುರ ಲೋಹಗಳಿಂದ ಮೈ ಕಟ್ಟಿ, ಉಳಿಸಿದ ತೂಕವನ್ನೆಲ್ಲ ಎಂಜಿನ್ನಿಗೆ ಕೊಟ್ಟರು. 1936ರ ಹೊತ್ತಿಗೆ ಆಟೋ ಯೂನಿಯನ್ ಕಾರಿನಲ್ಲಿ 16 ಸಿಲಿಂಡರುಗಳ, 6 ಲೀಟರ್ ಗಾತ್ರದ, 500ಕ್ಕೂ ಮಿಕ್ಕಿದ ಅಶ್ವಶಕ್ತಿಯ ಎಂಜಿನ್ ಕುಳಿತಿತ್ತು! 1938ರಲ್ಲಿ ನಿಯಮವನ್ನೇ ತಿರುಗಿಸಿ, ಎಂಜಿನ್ ಗಾತ್ರಕ್ಕೆ ಗರಿಷ್ಠ ಮಿತಿಯನ್ನೂ ಕಾರಿನ ತೂಕಕ್ಕೆ ಕನಿಷ್ಠ ಮಿತಿಯನ್ನೂ ಹಾಕಬೇಕಾಯಿತು.

ಇಲ್ಲಿ ಒಂದು ಮಾತನ್ನು ನೆನಪಿನಲ್ಲಿಡಿ. ನ್ಯಾಯವಾದ ಪೈಪೋಟಿಗೆ ಬೇಕಾದದ್ದು ಗರಿಷ್ಠ ತೂಕವಲ್ಲ, ಕನಿಷ್ಠ ತೂಕ. ‘ಇದಕ್ಕಿಂತ ಹಗುರವಾಗಬಾರದು’ ಎಂದಾಗ ಮಾತ್ರ ಹಣ ಸುರಿದು ಮೈ ಕೊರೆಯುವವನಿಗೂ ಸಾಧಾರಣ ಮನುಷ್ಯನಿಗೂ ಇರುವ ಅಂತರ ಕಡಿಮೆಯಾಗುತ್ತದೆ.

ಅಂಗಡಿಯ ಕಾರು ಪಂದ್ಯದ ಕಣಕ್ಕೆ ಬಂದಾಗ

ಗ್ರ್ಯಾಂಡ್ ಪ್ರಿ ಕಾರುಗಳನ್ನು ನಿಯಮ ನೋಡಿಕೊಂಡೇ ಕಟ್ಟುತ್ತಾರೆ. ಆದರೆ ಕಾರ್ಖಾನೆಯವರು ಸಂಸಾರಸ್ಥರಿಗಾಗಿ ತಯಾರಿಸಿ ಮಾರಿದ ಕಾರಿಗೆ ಪಂದ್ಯದ ನಿಯಮದ ಗೊಡವೆಯೇ ಇರುವುದಿಲ್ಲ. ಇಂಥ ಕಾರುಗಳ ಪಂದ್ಯ ದೊಡ್ಡ ಪ್ರಮಾಣದಲ್ಲಿ ಬೆಳೆದದ್ದು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ. ಅಲ್ಲಿ 1944ರಲ್ಲಿ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ ಎಂಬ ಹವ್ಯಾಸಿಗಳ ಸಂಘ ಹುಟ್ಟಿತು. ಅದನ್ನು ಚಿಕ್ಕದಾಗಿ ಎಸ್.ಸಿ.ಸಿ.ಎ. ಎನ್ನುತ್ತಾರೆ. 1948ರ ಅಕ್ಟೋಬರ್ 2ರಂದು ನ್ಯೂಯಾರ್ಕ್ ರಾಜ್ಯದ ವಾಟ್ಕಿನ್ಸ್ ಗ್ಲೆನ್ ಎಂಬ ಊರಿನ ಬೀದಿಗಳಲ್ಲೂ ಸುತ್ತಲಿನ ರಸ್ತೆಗಳಲ್ಲೂ ಸುಮಾರು 10.6 ಕಿಲೋಮೀಟರ್ ಸುತ್ತಿನ ಪಂದ್ಯ ನಡೆಯಿತು. ಕ್ಯಾಮರಾನ್ ಆರ್ಗೆಟ್‌ಸಿಂಗರ್ ಅದರ ರೂವಾರಿ. ಆಲ್ಫಾ ರೋಮಿಯೋ ಕಾರಿನ ಫ್ರಾಂಕ್ ಗ್ರಿಸ್‌ವೋಲ್ಡ್ ವಿಜೇತ. 1952ರಲ್ಲಿ ಅದೇ ಊರಿನ ಬೀದಿಯಲ್ಲಿ ಪಂದ್ಯ ನೋಡಲು ನಿಂತಿದ್ದ ಏಳು ವರ್ಷದ ಬಾಲಕನೊಬ್ಬ ಅಪಘಾತದಲ್ಲಿ ತೀರಿಕೊಂಡ ಮೇಲೆ ಪಂದ್ಯಗಳು ಊರಿನ ಬೀದಿಗಳಿಂದ ಹೊರಗೆ ಹೋದವು. ಜನರಲ್ ಕರ್ಟಿಸ್ ಲೆಮೇ ಅವರ ಒಪ್ಪಿಗೆಯಿಂದ 1952ರಿಂದ 1954ರವರೆಗೆ ಹಲವು ಪಂದ್ಯಗಳು ವಾಯುಪಡೆಯ ವಿಮಾನ ನೆಲೆಗಳಲ್ಲಿ ನಡೆದವು. ಅನಂತರ ಪಂದ್ಯಕ್ಕೆಂದೇ ಕಟ್ಟಿದ ಪಥಗಳು ಬಂದವು.

ಪಾಲ್ಗೊಳ್ಳುವವರು ಹೆಚ್ಚಿದಂತೆ ವರ್ಗೀಕರಣ ಅನಿವಾರ್ಯವಾಯಿತು. ಆಗ ಕೈಗೆ ಸಿಕ್ಕ ಅಳತೆಗೋಲು ಎಂಜಿನ್ನಿನ ಘನ ಅಳತೆ, ಅಂದರೆ ನಾವೆಲ್ಲ ಬಲ್ಲ ‘ಸಿ.ಸಿ.’ 750 ಸಿ.ಸಿ. ಒಳಗಿನವು ಒಂದು ವರ್ಗ, 1100ರ ತನಕ ಇನ್ನೊಂದು, 1500ರ ತನಕ ಮತ್ತೊಂದು, ಹೀಗೆ ಇಂಗ್ಲಿಷ್ ಅಕ್ಷರಗಳ ಹೆಸರಿನ ವರ್ಗಗಳು ಏರ್ಪಟ್ಟವು. ಸಿ.ಸಿ. ಲೆಕ್ಕ ಸರಳ. ಸಿಲಿಂಡರಿನ ವ್ಯಾಸ ಮತ್ತು ಪಿಸ್ಟನ್ ಚಲಿಸುವ ದೂರ ಗೊತ್ತಾದರೆ ಹೈಸ್ಕೂಲಿನ ವಿದ್ಯಾರ್ಥಿಯೂ ಅದನ್ನು ಕಂಡುಹಿಡಿಯಬಲ್ಲ. ವಾದಕ್ಕೆ ಆಸ್ಪದವಿಲ್ಲ. ಆದರೆ ಸರಳವಾದದ್ದೆಲ್ಲ ನ್ಯಾಯವಾದದ್ದೇ?

ಸಿ.ಸಿ. ಹೇಳದ ಸತ್ಯ

ಎರಡು ಕಾರುಗಳನ್ನು ನೋಡೋಣ. 1955ರಲ್ಲಿ ಬಂದ ಬ್ರಿಟಿಷ್ ಎಂ.ಜಿ.ಎ. ಕಾರಿನ ಎಂಜಿನ್ 1489 ಸಿ.ಸಿ. ಅದೇ ವರ್ಷ ಬಂದ ಜರ್ಮನಿಯ ಪೋರ್ಷೆ 356 ಕರೇರಾ ಕಾರಿನದು 1498 ಸಿ.ಸಿ. ವ್ಯತ್ಯಾಸ ಬರೀ 9 ಸಿ.ಸಿ. ಆದರೆ ಎಂ.ಜಿ.ಎ. ಕೊಡುತ್ತಿದ್ದದ್ದು ಸುಮಾರು 70 ಅಶ್ವಶಕ್ತಿ. ನಾಲ್ಕು ಕ್ಯಾಂಶಾಫ್ಟುಗಳಿದ್ದ ಪೋರ್ಷೆ ಕೊಡುತ್ತಿದ್ದದ್ದು 100. ಸಿ.ಸಿ. ಒಂದನ್ನೇ ನಂಬಿದರೆ ಇವೆರಡೂ ಜೋಡಿ. ರಸ್ತೆಯ ಮೇಲೆ ಇವು ಜೋಡಿಯೇ ಅಲ್ಲ.

ಇನ್ನೂ ವಿಚಿತ್ರವಾದದ್ದು ಜಪಾನಿನ ಮಾಜ್ದಾ ಕಂಪನಿಯ ರೋಟರಿ ಎಂಜಿನ್. ಇದರಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್ ಇಲ್ಲ, ಸುತ್ತುವ ತ್ರಿಕೋನಾಕಾರದ ರೋಟರ್ ಇದೆ. 1970ರ ದಶಕದ ಕೊನೆಯಲ್ಲಿ ಅಮೆರಿಕಕ್ಕೆ ಬಂದ ಆರ್.ಎಕ್ಸ್.-7 ಕಾರಿನ ಎಂಜಿನ್ ಕಾಗದದ ಮೇಲೆ 1146 ಸಿ.ಸಿ.; ಶಕ್ತಿ ಮಾತ್ರ 100 ಅಶ್ವಶಕ್ತಿ. ರೋಟರಿನ ಮೂರು ಮುಖಗಳಲ್ಲಿ ಒಂದನ್ನೇ ಲೆಕ್ಕ ಹಿಡಿಯಬೇಕೇ, ಎರಡನ್ನೇ, ಮೂರನ್ನೇ? ಉತ್ತರ ಬದಲಾದಂತೆ ಸಿ.ಸಿ. ಕೂಡ ಬದಲಾಗುತ್ತದೆ! ಪಂದ್ಯದ ಸಂಸ್ಥೆಗಳು ಕಾಗದದ ಸಂಖ್ಯೆಯನ್ನು ಒಂದು ಗುಣಕದಿಂದ ಗುಣಿಸಿ ಸಮಾಧಾನಪಟ್ಟುಕೊಳ್ಳಬೇಕಾಯಿತು.

ನಮ್ಮ ರಸ್ತೆಗಳ ಉದಾಹರಣೆಯೇ ಬೇಕೆಂದರೆ ಎರಡು ಹಳೆಯ ಬೈಕುಗಳನ್ನು ನೆನೆಯಿರಿ. ಬುಲೆಟ್ 346 ಸಿ.ಸಿ., ಯಮಹಾ ಆರ್.ಎಕ್ಸ್. 100 ಕೇವಲ 98 ಸಿ.ಸಿ. ಬುಲೆಟ್ಟಿನ ತೂಕ ಸುಮಾರು 163 ಕಿಲೋ, ಶಕ್ತಿ ಸುಮಾರು 18 ಅಶ್ವಶಕ್ತಿ. ಆರ್.ಎಕ್ಸ್. 100ರ ತೂಕ ಸುಮಾರು 103 ಕಿಲೋ, ಶಕ್ತಿ 11. ಭಾಗಿಸಿ ನೋಡಿ. ಬುಲೆಟ್ಟಿನಲ್ಲಿ ಪ್ರತಿ ಅಶ್ವಶಕ್ತಿ ಹೊರಬೇಕಾದ ಭಾರ ಸುಮಾರು 9.1 ಕಿಲೋ, ಆರ್.ಎಕ್ಸ್. 100ರಲ್ಲಿ ಸುಮಾರು 9.4 ಕಿಲೋ. ಸಿ.ಸಿ.ಯಲ್ಲಿ ಮೂರೂವರೆ ಪಟ್ಟು ಅಂತರವಿದ್ದರೂ ಈ ಲೆಕ್ಕದಲ್ಲಿ ಎರಡೂ ನೆರೆಹೊರೆಯವು. ಇನ್ನು ಎರಡರ ಮೇಲೂ 60 ಕಿಲೋ ತೂಕದ ಸವಾರನನ್ನು ಕೂರಿಸಿ. ಈಗ ಬುಲೆಟ್ಟಿನದು 12.4 ಕಿಲೋ, ಆರ್.ಎಕ್ಸ್. 100ರದು 14.8 ಕಿಲೋ. ಅದೇ ಸವಾರ ಚಿಕ್ಕ ಬೈಕಿಗೆ ಹೆಚ್ಚು ಭಾರವಾದ. ಚಾಲಕನನ್ನೂ ಸೇರಿಸಿಯೇ ಕನಿಷ್ಠ ತೂಕ ನಿಗದಿ ಮಾಡುವ ಪದ್ಧತಿ ಏಕೆ ಬೇಕೆಂದು ಇದರಿಂದ ತಿಳಿಯುತ್ತದೆ.

ಇದರ ಹಿಂದಿರುವುದು ನೀವು ಓದಿದ ನ್ಯೂಟನ್ನನ ಎರಡನೆಯ ನಿಯಮವೇ. ಬಲವನ್ನು ದ್ರವ್ಯರಾಶಿಯಿಂದ ಭಾಗಿಸಿದರೆ ವೇಗೋತ್ಕರ್ಷ ಬರುತ್ತದೆ. ತಿರುವಿನಿಂದ ಹೊರಬಂದ ಕಾರು ಎಷ್ಟು ಬೇಗ ವೇಗ ಪಡೆಯುತ್ತದೆ ಎಂಬುದು ಎಂಜಿನ್ ಗಾತ್ರದ ಮೇಲಲ್ಲ, ಶಕ್ತಿ ಮತ್ತು ತೂಕದ ಅನುಪಾತದ ಮೇಲೆ ನಿಂತಿದೆ.

ಫಲಿತಾಂಶ ನೋಡಿ ತೀರ್ಪು ಕೊಡುವುದು

1960ರ ದಶಕದ ಆರಂಭದ ಹೊತ್ತಿಗೆ ಎಸ್.ಸಿ.ಸಿ.ಎ. ತನ್ನ ‘ಪ್ರೊಡಕ್ಷನ್’ ವಿಭಾಗದಲ್ಲಿ ಸಿ.ಸಿ. ಲೆಕ್ಕವನ್ನು ಬಿಟ್ಟು, ಕಾರಿನ ಓಟದ ಸಾಮರ್ಥ್ಯವನ್ನು ಆಧರಿಸಿ ವರ್ಗೀಕರಿಸುವ ಪದ್ಧತಿಗೆ ಬಂತು. ಇದು ದೊಡ್ಡ ಹೆಜ್ಜೆ. ಚಿಕ್ಕ ಎಂಜಿನ್ನಿನ ಚುರುಕು ಕಾರೂ ದೊಡ್ಡ ಎಂಜಿನ್ನಿನ ಮಂದ ಕಾರೂ ಒಂದೇ ವರ್ಗದಲ್ಲಿ ನಿಲ್ಲುವುದು ಸಾಧ್ಯವಾಯಿತು. ಮುಂದೆ ಒಂದು ಕಾರು ಸತತವಾಗಿ ಗೆದ್ದರೆ ಅದಕ್ಕೆ ತೂಕ ಸೇರಿಸುವುದು, ಸೋಲುವ ಕಾರಿಗೆ ತೂಕ ಇಳಿಸುವುದು ಅಥವಾ ಕೆಲವು ಭಾಗ ಬದಲಿಸಲು ಅನುಮತಿ ಕೊಡುವುದು ರೂಢಿಯಾಯಿತು.

ಮೇಲ್ನೋಟಕ್ಕೆ ಇದಕ್ಕಿಂತ ನ್ಯಾಯವಾದ ಪದ್ಧತಿ ಇಲ್ಲ ಎನಿಸುತ್ತದೆ. ಆದರೆ ಸ್ವಲ್ಪ ಯೋಚಿಸಿ. ಗೆದ್ದದ್ದು ಕಾರೋ, ಚಾಲಕನೋ? ಒಬ್ಬ ನಿಪುಣ ಚಾಲಕ ಒಂದು ಸಾಧಾರಣ ಕಾರನ್ನು ವರ್ಷಗಟ್ಟಲೆ ತಿದ್ದಿ ತೀಡಿ ಗೆಲ್ಲಿಸಿದನೆಂದು ಭಾವಿಸೋಣ. ಆ ಮಾದರಿಗೆ 100 ಪೌಂಡ್, ಅಂದರೆ ಸುಮಾರು 45 ಕಿಲೋ, ಹೆಚ್ಚು ತೂಕ ಹೇರಲಾಗುತ್ತದೆ. ಅದೇ ಮಾದರಿಯ ಕಾರಿಟ್ಟುಕೊಂಡು ಹತ್ತನೆಯ ಸ್ಥಾನಕ್ಕೆ ಹೆಣಗುತ್ತಿರುವ ಇನ್ನೊಬ್ಬನೂ ಆ ಭಾರ ಹೊರಬೇಕು. ಒಬ್ಬನ ಜಾಣ್ಮೆಗೆ ಇನ್ನೊಬ್ಬನಿಗೆ ದಂಡ! ಇದಲ್ಲದೆ, ಗೆಲ್ಲಬಲ್ಲವನು ಬೇಕೆಂದೇ ನಿಧಾನವಾಗಿ ಓಡಿಸಿ, ‘ನನ್ನ ಕಾರು ದುರ್ಬಲ, ತೂಕ ಇಳಿಸಿ’ ಎಂದು ಅರ್ಜಿ ಹಾಕುವ ಆಸೆಗೂ ಇಲ್ಲಿ ಅವಕಾಶವಿದೆ. ಪತ್ರ ಬರೆಯಬಲ್ಲವನ, ಗಟ್ಟಿಯಾಗಿ ಮಾತಾಡಬಲ್ಲವನ ಕಾರು ಹಗುರವಾಗುತ್ತದೆ. ಸುಮ್ಮನಿರುವವನ ಕಾರು ಭಾರವಾಗಿಯೇ ಉಳಿಯುತ್ತದೆ.

ವೃತ್ತಿಪರ ಪಂದ್ಯಗಳಲ್ಲಿ ಎಲ್ಲ ಕಾರುಗಳೂ ಉಪಕರಣ ತುಂಬಿದ, ನುರಿತ ತಂಡಗಳ ಕೈಯಲ್ಲಿರುತ್ತವೆ. ಅಲ್ಲಿ ಅಂಕಿ ಅಂಶಗಳನ್ನು ಹೋಲಿಸಿ ತೂಕ ಬದಲಿಸುವುದು ಒಂದು ಮಟ್ಟಿಗೆ ಸಾಧ್ಯ. 2006ರಲ್ಲಿ ಆರಂಭವಾದ ಜಿ.ಟಿ.3 ವರ್ಗದಲ್ಲಿ ಅದನ್ನೇ ಮಾಡಿದರು. ಹವ್ಯಾಸಿಗಳ ಕಣದಲ್ಲಾದರೋ ಒಬ್ಬನ ಟೈರು ಹೊಸದು, ಇನ್ನೊಬ್ಬನದು ಕಳೆದ ವರ್ಷದ್ದು. ಒಬ್ಬ ವೈದ್ಯ, ಇನ್ನೊಬ್ಬ ಗ್ಯಾರೇಜಿನ ಕೆಲಸಗಾರ, ಮತ್ತೊಬ್ಬ ಶಾಲಾ ಶಿಕ್ಷಕ. ಇವರ ಫಲಿತಾಂಶಗಳನ್ನು ನೋಡಿ ಕಾರಿನ ಬಲಾಬಲ ಹೇಳುವುದು, ಬೇರೆ ಬೇರೆ ಗೊಬ್ಬರ ಹಾಕಿದ ಗದ್ದೆಗಳ ಇಳುವರಿ ನೋಡಿ ಬೀಜದ ಗುಣ ಹೇಳಿದಂತೆ.

ಒಂದು ಸೂತ್ರ ಹುಟ್ಟಿದ ಬಗೆ

1970ರ ದಶಕದಲ್ಲಿ ಎಸ್.ಸಿ.ಸಿ.ಎ. ‘ಶೋರೂಂ ಸ್ಟಾಕ್’ ಎಂಬ ವಿಭಾಗ ತೆರೆಯಿತು. ಅಂಗಡಿಯಿಂದ ಬಂದ ಕಾರಿಗೆ ರಕ್ಷಣೆಯ ಉಕ್ಕಿನ ಪಂಜರ, ಭದ್ರವಾದ ಬೆಲ್ಟು ಹಾಕಿ ಹಾಗೆಯೇ ಓಡಿಸುವುದು ಇದರ ಪರಿ. ಆದರೆ ಅಲ್ಲಿ ಹೊಸ ಕಾರುಗಳಿಗೆ ಮಾತ್ರ ಪ್ರವೇಶ. ಕೆಲವು ವರ್ಷ ಕಳೆದ ಕಾರು ಅನರ್ಹವಾಗುತ್ತಿತ್ತು. ಈ ಹಳೆಯ ಕಾರುಗಳು ಮೂಲೆಗುಂಪಾಗಬಾರದೆಂದು 1980ರ ದಶಕದಲ್ಲಿ ‘ಇಂಪ್ರೂವ್ಡ್ ಟೂರಿಂಗ್’ ಎಂಬ ವಿಭಾಗ ರೂಪುಗೊಂಡಿತು. ಸ್ಪ್ರಿಂಗ್, ಷಾಕ್ ಅಬ್ಸಾರ್ಬರ್, ಹೊಗೆ ಕೊಳವೆ ಮುಂತಾದವನ್ನು ಬದಲಿಸಬಹುದು; ಎಂಜಿನ್ನಿನ ಒಳಭಾಗವನ್ನು ಬೇಕಾದಂತೆ ಮಾರ್ಪಡಿಸುವಂತಿಲ್ಲ. ಎಸ್, ಎ, ಬಿ, ಸಿ ಎಂಬ ನಾಲ್ಕು ವರ್ಗಗಳು. 2007ರಲ್ಲಿ ಇವಕ್ಕಿಂತ ವೇಗದ ಆರ್ ವರ್ಗ ಸೇರಿತು. ಈ ವಿಭಾಗದ ನಿಯಮ ಪುಸ್ತಕದಲ್ಲಿ ಒಂದು ನಿಷ್ಠುರ ಮಾತಿತ್ತು. ಯಾವ ಕಾರಿಗೂ ಗೆಲ್ಲುವ ಸಾಮರ್ಥ್ಯದ ಖಾತರಿ ಇಲ್ಲ ಎಂಬುದೇ ಅದರ ತಾತ್ಪರ್ಯ. ತೂಕವನ್ನು ಪದೇ ಪದೇ ಬದಲಿಸುವುದನ್ನು ತಡೆಯುವುದು ಅದರ ಉದ್ದೇಶ. ಆದರೆ ಮೊದಲೇ ತಪ್ಪಾಗಿ ನಿಗದಿಯಾದ ತೂಕವನ್ನು ತಿದ್ದಲು ಕೂಡ ಅದು ಅಡ್ಡಿಯಾಯಿತು.

2000ದ ದಶಕದ ಮಧ್ಯಭಾಗದಲ್ಲಿ ಈ ವಿಭಾಗದ ಸಲಹಾ ಸಮಿತಿ ಒಂದು ಲೆಕ್ಕದ ಕ್ರಮವನ್ನು ಅಳವಡಿಸಿಕೊಂಡಿತು. ಸಮಿತಿಯ ಸದಸ್ಯರೆಲ್ಲ ಸ್ವಯಂಸೇವಕರು. ಆ ಲೆಕ್ಕವನ್ನು ನೀವೇ ಮಾಡಿ ನೋಡಬಹುದು.

ಮೊದಲ ಹೆಜ್ಜೆ: ಕಾರ್ಖಾನೆಯವರು ಪ್ರಕಟಿಸಿದ ಅಶ್ವಶಕ್ತಿಯನ್ನು ತೆಗೆದುಕೊಳ್ಳಿ. 100 ಎಂದಿಟ್ಟುಕೊಳ್ಳೋಣ.

ಎರಡನೆಯ ಹೆಜ್ಜೆ: ನಿಯಮದೊಳಗೆ ಎಂಜಿನ್ನನ್ನು ಚೆನ್ನಾಗಿ ಸಿದ್ಧಪಡಿಸಿದರೆ ಶಕ್ತಿ ಎಷ್ಟು ಹೆಚ್ಚಬಹುದೋ ಅದನ್ನು ಸೇರಿಸಿ. ಸಾಮಾನ್ಯವಾಗಿ 25 ಪ್ರತಿಶತ. ಈಗ 125 ಆಯಿತು.

ಮೂರನೆಯ ಹೆಜ್ಜೆ: ಪ್ರತಿ ವರ್ಗಕ್ಕೂ ಒಂದು ಅಶ್ವಶಕ್ತಿ ಇಷ್ಟು ಪೌಂಡ್ ಹೊರಬೇಕೆಂಬ ಗೊತ್ತಾದ ಸಂಖ್ಯೆ ಇದೆ. ಎಸ್ ವರ್ಗಕ್ಕೆ 12.9, ಎ ವರ್ಗಕ್ಕೆ 14.5, ಬಿ ವರ್ಗಕ್ಕೆ 17. ಇದರಿಂದ ಗುಣಿಸಿ. ಬಿ ವರ್ಗದಲ್ಲಿ 125ನ್ನು 17ರಿಂದ ಗುಣಿಸಿದರೆ 2125 ಪೌಂಡ್, ಅಂದರೆ ಸುಮಾರು 964 ಕಿಲೋ. ಎ ವರ್ಗದಲ್ಲಾದರೆ 1812 ಪೌಂಡ್, ಸುಮಾರು 822 ಕಿಲೋ. ಆ ಕಾರನ್ನು ಎಷ್ಟೇ ಬರಿದು ಮಾಡಿದರೂ 822 ಕಿಲೋಗೆ ಇಳಿಯದು ಎಂದಾದರೆ ಅದರ ಜಾಗ ಬಿ ವರ್ಗವೇ.

ನಾಲ್ಕನೆಯ ಹೆಜ್ಜೆ: ಕಾರಿನ ರಚನೆಗೆ ತಕ್ಕ ಸಣ್ಣ ಕೂಡು-ಕಳೆ. ಮುಂದಿನ ಚಕ್ರಗಳಿಂದ ಓಡುವ ಕಾರಿನಲ್ಲಿ ಎಳೆಯುವ ಕೆಲಸ, ತಿರುಗಿಸುವ ಕೆಲಸ ಎರಡೂ ಅವೇ ಟೈರುಗಳ ಮೇಲೆ ಬೀಳುವುದರಿಂದ ಅದಕ್ಕೆ ಸ್ವಲ್ಪ ತೂಕ ರಿಯಾಯಿತಿ. ಎಂಜಿನ್ ಮಧ್ಯದಲ್ಲಿದ್ದರೆ, ಸಸ್ಪೆನ್ಷನ್ ಉತ್ತಮವಾಗಿದ್ದರೆ ಸ್ವಲ್ಪ ತೂಕ ಹೆಚ್ಚಿಗೆ.

ಬಂದ ಸಂಖ್ಯೆಯೇ ಚಾಲಕನೂ ಸೇರಿ ಕಾರಿಗೆ ಕನಿಷ್ಠ ತೂಕ. ಕಾರು ಅದಕ್ಕಿಂತ ಹಗುರವಿದ್ದರೆ ಸೀಸದ ತುಂಡುಗಳನ್ನು ಭದ್ರವಾಗಿ ಬಿಗಿದು ಸರಿದೂಗಿಸಬೇಕು.

ಈ ಸೂತ್ರದ ಮಹತ್ವ ಒಂದು ನಿಜ ಪ್ರಕರಣದಿಂದ ಸ್ಪಷ್ಟವಾಗುತ್ತದೆ. ಎಸ್ ವರ್ಗದಲ್ಲಿ ಡಾಟ್ಸನ್ 240-ಝಡ್, ಮಾಜ್ದಾ ಆರ್.ಎಕ್ಸ್.-7 ಕಾರುಗಳು ಬಹುಕಾಲದಿಂದ ಪೈಪೋಟಿ ನಡೆಸಿದ್ದವು. ಅಲ್ಲಿಗೆ 1990ರ ದಶಕದ ಬಿ.ಎಂ.ಡಬ್ಲ್ಯು. 325-ಐ ಸೇರಿತು. ಅದರ ಪ್ರಕಟಿತ ಶಕ್ತಿ 189. ಸೂತ್ರದಂತೆ ಲೆಕ್ಕ ಹಾಕಿದರೆ 189ಕ್ಕೆ 25 ಪ್ರತಿಶತ ಸೇರಿ 236; 12.9ರಿಂದ ಗುಣಿಸಿದರೆ ಸುಮಾರು 3047 ಪೌಂಡ್. ಆದರೆ ಅದಕ್ಕೆ ಮೊದಲು ಗೊತ್ತಾಗಿದ್ದ ತೂಕ ಇದಕ್ಕಿಂತ ಕಡಿಮೆ. ಚೆನ್ನಾಗಿ ಸಿದ್ಧಪಡಿಸಿದ ಬಿ.ಎಂ.ಡಬ್ಲ್ಯು. ಎದುರು ಹಳೆಯ ಕಾರುಗಳವರು ಕೈಚೆಲ್ಲುವ ಸ್ಥಿತಿ ಬಂತು. ಮೊದಲು ಎಂಜಿನ್ನಿಗೆ ಹೋಗುವ ಗಾಳಿಯನ್ನು ತಡೆಯುವ ತಟ್ಟೆಯೊಂದನ್ನು ಹಾಕಿಸಿದರು. ಕೊನೆಗೆ ತೂಕವನ್ನೇ ಏರಿಸಿದರು. ಎರಡೂ ಕಡೆಯವರಿಗೆ ನೋವಾಯಿತು. ಹಳೆಯ ಕಾರಿನವರು ವರ್ಷಗಟ್ಟಲೆ ಸೋತಿದ್ದರು, ಬಿ.ಎಂ.ಡಬ್ಲ್ಯು. ಕೊಂಡವರು ಅಂದಿನ ನಿಯಮವನ್ನು ನಂಬಿ ತಮ್ಮ ದುಡಿಮೆಯ ಹಣ ಹೂಡಿದ್ದರು. ಮೊದಲ ದಿನವೇ ಲೆಕ್ಕ ಸರಿಯಾಗಿದ್ದರೆ ಈ ಎರಡು ನೋವೂ ತಪ್ಪುತ್ತಿತ್ತು.

ಆ ಮೊದಲ ಸಂಖ್ಯೆಯನ್ನು ನಂಬಬಹುದೇ?

ಸೂತ್ರ ಎಷ್ಟೇ ಚೆನ್ನಾಗಿರಲಿ, ಅದರೊಳಗೆ ಹಾಕುವ ಸಂಖ್ಯೆ ಸುಳ್ಳಾದರೆ ಉತ್ತರವೂ ಸುಳ್ಳು. ಅಮೆರಿಕದ ಕಾರ್ಖಾನೆಗಳು 1971ರ ತನಕ ಎಂಜಿನ್ನನ್ನು ಬರಿದಾಗಿ, ಅದರ ಶಕ್ತಿ ಕುಡಿಯುವ ಉಪಕರಣಗಳಿಲ್ಲದೆ ಪರೀಕ್ಷಿಸಿ ದೊಡ್ಡ ಅಂಕಿ ಪ್ರಕಟಿಸುತ್ತಿದ್ದವು. 1972ರ ಮಾದರಿಗಳಿಂದ ಎಲ್ಲ ಉಪಕರಣ ಜೋಡಿಸಿದ ಸ್ಥಿತಿಯ ನಿವ್ವಳ ಅಂಕಿ ಬಂತು. ಎಂಜಿನ್ ಅದೇ ಇದ್ದರೂ ಕಾಗದದ ಅಶ್ವಶಕ್ತಿ ಕುಸಿಯಿತು. 1970ರ ಕಾರನ್ನೂ 1975ರ ಕಾರನ್ನೂ ಒಂದೇ ಸೂತ್ರಕ್ಕೆ ಹಾಕುವವರು ಈ ಭೇದ ಅರಿಯದಿದ್ದರೆ ಅನ್ಯಾಯ ಖಂಡಿತ. 2001ರಲ್ಲಿ ಮಾಜ್ದಾ ಕಂಪನಿ ಮಿಯಾಟಾ ಕಾರಿಗೆ 155 ಅಶ್ವಶಕ್ತಿ ಎಂದು ಪ್ರಕಟಿಸಿ, ನಂತರ ಅದನ್ನು 142ಕ್ಕೆ ತಿದ್ದಿ, ಅತೃಪ್ತ ಗ್ರಾಹಕರಿಂದ ಕಾರು ಹಿಂಪಡೆಯಲೂ ಮುಂದಾಯಿತು. ರೋಟರಿ ಎಂಜಿನ್ನಿನ ಪಾಡು ಬೇರೆ. ಅದಕ್ಕೆ ಹೊಗೆ ಕೊಳವೆ ಬದಲಿಸಿದರೆ ಸಿಗುವ ಲಾಭ ಬೇರೆ ಎಂಜಿನ್‌ಗಳಿಗಿಂತ ಹೆಚ್ಚು. 25 ಪ್ರತಿಶತ ಎಂಬ ಊಹೆ ಅಲ್ಲಿ ಸಾಲದು.

‘ಹಾಗಾದರೆ ಪಂದ್ಯಕ್ಕೆ ಬಂದ ಕಾರಿನ ಶಕ್ತಿಯನ್ನೇ ನೇರವಾಗಿ ಅಳೆಯಬಾರದೇಕೆ?’ ಎಂದು ನೀವು ಕೇಳಬಹುದು. ಒಳ್ಳೆಯ ಪ್ರಶ್ನೆ. 1991ರಲ್ಲಿ ಹುಟ್ಟಿದ ನ್ಯಾಷನಲ್ ಆಟೋ ಸ್ಪೋರ್ಟ್ ಅಸೋಸಿಯೇಷನ್ ಎಂಬ ಇನ್ನೊಂದು ಸಂಸ್ಥೆ ತನ್ನ ಕೆಲವು ವಿಭಾಗಗಳಲ್ಲಿ ಹಾಗೆಯೇ ಮಾಡಿತು. ಅದರ ಸಂಕ್ಷಿಪ್ತ ಹೆಸರೂ ‘ನಾಸಾ’ ಎಂದೇ; ಬಾಹ್ಯಾಕಾಶ ಸಂಸ್ಥೆಗೂ ಇದಕ್ಕೂ ಸಂಬಂಧವಿಲ್ಲ. ಕಾರನ್ನು ಡೈನಮೋಮೀಟರ್ ಎಂಬ ಉರುಳೆಗಳ ಮೇಲೆ ನಿಲ್ಲಿಸಿ, ಚಕ್ರಗಳಲ್ಲಿ ಸಿಗುವ ಶಕ್ತಿಯನ್ನು ಅಳೆದು, ಅದಕ್ಕೆ ತಕ್ಕ ತೂಕ ಗೊತ್ತುಪಡಿಸುವ ಕ್ರಮ ಅದು. ಇದು ಹೆಚ್ಚು ನಿಖರ, ಆದರೆ ಮೋಸಕ್ಕೆ ಬೇರೆ ದಾರಿ ತೆರೆಯುತ್ತದೆ. ಗಣಕಯಂತ್ರದಿಂದ ನಡೆಯುವ ಎಂಜಿನ್ನನ್ನು ಅಳತೆಯ ದಿನ ಒಂದು ರೀತಿ, ಪಂದ್ಯದ ದಿನ ಇನ್ನೊಂದು ರೀತಿ ನಡೆಸಬಹುದು. ಗರಿಷ್ಠ ಶಕ್ತಿಯನ್ನು ಮಾತ್ರ ಅಳೆದರೆ ತುದಿ ಕತ್ತರಿಸಿದ ಗುಡ್ಡದಂತೆ ಶಕ್ತಿಯನ್ನು ಉದ್ದಕ್ಕೂ ಸಮತಟ್ಟಾಗಿ ಹರಡಿಕೊಂಡವನಿಗೆ ಲಾಭ. ಆದ್ದರಿಂದ ಅಲ್ಲಿ ಮುಂದೆ ಸರಾಸರಿ ಶಕ್ತಿಯ ಲೆಕ್ಕ ಬಂತು. ಬೇಲಿ ಎತ್ತರಿಸಿದಂತೆ ಹಾರುವವನೂ ಕಲಿಯುತ್ತಾನೆ!

ತೂಕದ ಮಿತಿಗಳು

ತೂಕವು ಎಲ್ಲ ರೋಗಕ್ಕೂ ಮದ್ದಲ್ಲ ಎಂಬುದನ್ನೂ ತಿಳಿದಿರಬೇಕು. ನೇರ ರಸ್ತೆಯ ತುದಿಯಲ್ಲಿ ಕಾರನ್ನು ತಡೆಯುವುದು ಮುಖ್ಯವಾಗಿ ಗಾಳಿ. ಅಲ್ಲಿ ತೂಕಕ್ಕಿಂತ ಮೈಯ ಆಕಾರ, ಎಂಜಿನ್ನಿನ ಶಕ್ತಿ ಹೆಚ್ಚು ಲೆಕ್ಕಕ್ಕೆ ಬರುತ್ತವೆ. ಆದ್ದರಿಂದ ಶಕ್ತಿವಂತ ಭಾರದ ಕಾರು ಉದ್ದದ ನೇರ ದಾರಿಯುಳ್ಳ ಪಥದಲ್ಲಿ ಮೆರೆಯುತ್ತದೆ, ಹಗುರ ಕಾರು ತಿರುವುಗಳುಳ್ಳ ಪಥದಲ್ಲಿ. ಒಂದೇ ತೂಕ ಎರಡೂ ಕಡೆ ನ್ಯಾಯ ಕೊಡಲಾರದು. ಹೇರಿದ ತೂಕ ಪ್ರತಿ ತಿರುವಿನಲ್ಲೂ ಬ್ರೇಕು ಮತ್ತು ಟೈರುಗಳನ್ನು ಸವೆಸುತ್ತದೆ. ಟೈರು ಬೇಗ ಮುಗಿದರೆ ಖರ್ಚು ಬೀಳುವುದು ಚಾಲಕನ ಕಿಸೆಯಿಂದಲೇ.

ಒಂದು ಸುತ್ತಿಗೆ ಅರ್ಧ ಸೆಕೆಂಡಿನ ವ್ಯತ್ಯಾಸ ಎಂದರೆ ನಿಮಗೆ ಚಿಕ್ಕದೆನಿಸಬಹುದು. 20 ಸುತ್ತಿನ ಪಂದ್ಯದಲ್ಲಿ ಅದು 10 ಸೆಕೆಂಡ್; ಗೆಲುವಿಗೂ ಆರನೆಯ ಸ್ಥಾನಕ್ಕೂ ನಡುವಿನ ದೂರ. ತಪ್ಪು ತೂಕ ಹೊತ್ತ ಕಾರಿನ ಒಡೆಯ ಮೊದಲ ವರ್ಷ ತನ್ನ ಚಾಲನೆ ಸಾಲದೆಂದುಕೊಳ್ಳುತ್ತಾನೆ. ಎರಡನೆಯ ವರ್ಷ ಹಣ ಸುರಿದು ಎಂಜಿನ್ ಬಿಚ್ಚಿಸುತ್ತಾನೆ. ಮೂರನೆಯ ವರ್ಷ ಕಾರು ಮಾರಿ ಮನೆಯಲ್ಲಿ ಕೂರುತ್ತಾನೆ. ಹೀಗೆ ಹತ್ತು ಜನ ಹೋದರೆ ಪಂದ್ಯವೇ ನಿಂತುಹೋಗುತ್ತದೆ. ಹವ್ಯಾಸಿ ಕ್ರೀಡೆಗೆ ಪ್ರಾಯೋಜಕರ ಕೋಟಿಗಳಿಲ್ಲ; ಪಾಲ್ಗೊಳ್ಳುವವರ ನಂಬಿಕೆಯೇ ಅದರ ಮೂಲಧನ. ನಿಯಮ ಪುಸ್ತಕದ ಒಂದು ಸಾಲಿನಲ್ಲಿ ಬರೆದ ನಾಲ್ಕಂಕಿಯ ಸಂಖ್ಯೆಗೆ ಇಷ್ಟು ಭಾರವಿದೆ.

ನಾವು ಕಲಿಯುವುದೇನು?

ಈ ಚರಿತ್ರೆಯನ್ನು ಒಮ್ಮೆ ಹಿಂತಿರುಗಿ ನೋಡಿ. ಗರಿಷ್ಠ ತೂಕ ಎಂಬ ಅಳತೆ ಸೋತಿತು, ಸಿ.ಸಿ. ಎಂಬ ಸರಳ ಅಳತೆಯೂ ಸಾಲದಾಯಿತು. ಫಲಿತಾಂಶ ನೋಡಿ ತೂಕ ಹೇರುವ ಕ್ರಮ ಕಾರನ್ನೂ ಚಾಲಕನನ್ನೂ ಬೆರೆಸಿಬಿಟ್ಟಿತು. ಕೊನೆಗೆ ಬಂದ ಸೂತ್ರವೂ ಪರಿಪೂರ್ಣವಲ್ಲ. 25 ಪ್ರತಿಶತ ಎಂಬುದು ಒಂದು ಅಂದಾಜು, 17 ಎಂಬುದು ಜನರು ಕುಳಿತು ಒಪ್ಪಿಕೊಂಡ ಸಂಖ್ಯೆ. ಆದರೂ ಹಿಂದಿನವುಗಳಿಗಿಂತ ಇದು ಮೇಲೆನಿಸಲು ಕಾರಣವಿದೆ. ಪಂದ್ಯಕ್ಕೆ ಮೊದಲೇ, ಗೆಲ್ಲುವವರು ಯಾರೆಂದು ಗೊತ್ತಿಲ್ಲದಾಗಲೇ, ಎಲ್ಲ ಕಾರುಗಳಿಗೂ ಒಂದೇ ಕ್ರಮದಲ್ಲಿ ಲೆಕ್ಕ ನಡೆಯುತ್ತದೆ. ಸೋತವನು ಲೇಖನಿ ಹಿಡಿದು ತಾನೇ ಗುಣಿಸಿ ನೋಡಬಹುದು. ಉತ್ತರ ತಾಳೆಯಾಗದಿದ್ದರೆ ‘ಇಲ್ಲಿ ತಪ್ಪಿದೆ’ ಎಂದು ಬೆರಳಿಟ್ಟು ತೋರಿಸಬಹುದು. ದೂರಿಗೆ ದನಿ ಬೇಕಿಲ್ಲ, ಲೆಕ್ಕ ಸಾಕು.

ಸೂತ್ರವು ಯಾರಿಗೂ ಗೆಲುವನ್ನು ಹಂಚುವುದಿಲ್ಲ ಎಂಬುದನ್ನೂ ಗಮನಿಸಿ. ಅದು ಕಾರುಗಳನ್ನು ಹತ್ತಿರಕ್ಕೆ ತಂದು ಬಿಡುತ್ತದೆ. ಉಳಿದ ಅಂತರವನ್ನು ಅಭ್ಯಾಸ, ಧೈರ್ಯ, ಷೆಡ್ಡಿನಲ್ಲಿ ಕಳೆದ ರಾತ್ರಿಗಳು ತುಂಬಬೇಕು. ಎಲ್ಲರಿಗೂ ಸಮಾನ ಫಲ ಕೊಡಲು ಹೊರಟರೆ ಪರಿಶ್ರಮಕ್ಕೆ ಬೆಲೆ ಇಲ್ಲ. ಯಾವ ಅಳತೆಯೂ ಇಲ್ಲದೆ ಬಿಟ್ಟರೆ ಬಡವನಿಗೆ ಬಾಗಿಲಿಲ್ಲ. ಇವೆರಡರ ನಡುವಿನ ಹಾದಿ ಹುಡುಕುವುದೇ ನಿಯಮ ಮಾಡುವವರ ಕೆಲಸ.

ಬಿಡುವಿದ್ದಾಗ ನಿಮ್ಮ ಬೀದಿಯಲ್ಲಿ ನಿಂತಿರುವ ನಾಲ್ಕು ವಾಹನಗಳ ತೂಕ, ಅಶ್ವಶಕ್ತಿಗಳನ್ನು ಬರೆದುಕೊಳ್ಳಿ. ಭಾಗಿಸಿ ನೋಡಿ. ಅವುಗಳ ನಡುವೆ ನ್ಯಾಯವಾದ ಒಂದು ಪಂದ್ಯ ನಡೆಸಬೇಕಾದರೆ ಯಾವುದಕ್ಕೆ ಎಷ್ಟು ತೂಕ ಸೇರಿಸುತ್ತೀರಿ ಎಂದು ಗೆಳೆಯರೊಂದಿಗೆ ಚರ್ಚಿಸಿ. ಆ ವಾಹನಗಳಲ್ಲಿ ಒಂದು ನಿಮ್ಮ ಮನೆಯದೇ ಆಗಿದ್ದರೆ, ಅದನ್ನು ಹೇಳದೆ ಲೆಕ್ಕ ಮಾಡಿ ತೋರಿಸಿ. ಮನೆಯ ಗಾಡಿಗೂ ಬೀದಿಯ ಗಾಡಿಗೂ ಒಂದೇ ಗುಣಕ ಬಳಸಿದ್ದೀರೆಂದು ಗೆಳೆಯರು ಒಪ್ಪಿದರೆ, ನ್ಯಾಯದ ಮೊದಲ ಪಾಠ ನಿಮಗೆ ತಿಳಿಯಿತೆಂದೇ ಅರ್ಥ.